ಮೋಡ ಕವಿದ ಮೇಲೆ ಕಂಪ್ಯೂಟರಿನವನ ಪಾಡು

ಪ್ರತಿಯೊಂದು ಊರಿನಲ್ಲಿಯೂ ಅಂಥವನೊಬ್ಬನಿದ್ದಾನೆ. ಬಸ್ ನಿಲ್ದಾಣದ ಹಿಂದಣ ಬೀದಿಯಲ್ಲೋ, ಯಾವುದೋ ಕಟ್ಟಡದ ಮೊದಲನೆಯ ಮಹಡಿಯ ಮೂಲೆಯಲ್ಲೋ ಹತ್ತಡಿ ಅಗಲದ ಅಂಗಡಿ. ಹೊರಗೆ ‘ಕಂಪ್ಯೂಟರ್ ಸೇಲ್ಸ್ ಅಂಡ್ ಸರ್ವಿಸ್’ ಎಂಬ ಫಲಕ. ಒಳಗೆ ಮುಚ್ಚಳ ಕಳಚಿದ ಯಂತ್ರಗಳು, ಹಾವಿನ ಮರಿಗಳಂತೆ ಸುತ್ತಿಕೊಂಡ ತಂತಿಗಳು, ಗೋಡೆಗೆ ಒರಗಿಸಿದ ಪ್ರಿಂಟರುಗಳು, ಮೇಜಿನ ಮೇಲೆ ಆರಿಹೋದ ಚಹದ ಲೋಟ. ಪೇಟೆಯ ಆಡಿಟರು, ವಕೀಲರು, ನರ್ಸಿಂಗ್ ಹೋಮಿನ ವೈದ್ಯರು, ಸಹಕಾರ ಸಂಘದ ಕಾರ್ಯದರ್ಶಿ ಎಲ್ಲರೂ ಅವನನ್ನು ಬಲ್ಲರು. ಹೆಸರಿನಿಂದ ಬಲ್ಲವರು ಮಾತ್ರ ಕಡಿಮೆ. ‘ಕಂಪ್ಯೂಟರಿನವನಿಗೆ ಒಂದು ಫೋನು ಮಾಡಿ’ ಎಂದರೆ ಸಾಕು, ಯಾರೆಂದು ತಿಳಿಯುತ್ತದೆ. ನಮ್ಮ ವಾಚಕರಲ್ಲಿ ಅನೇಕರಿಗೆ ಅವನು ಭಾವಮೈದುನನೋ, ಅಣ್ಣನ ಮಗನೋ, ಪಕ್ಕದ ಮನೆಯ ಹಿರಿಯ ಹುಡುಗನೋ ಆಗಿರುತ್ತಾನೆ. ಹಬ್ಬಕ್ಕೆ ಬಂದವನನ್ನು ಎಲೆ ಎತ್ತಿದ ಕೂಡಲೆ, ‘ಈ ಲ್ಯಾಪ್‌ಟಾಪು ಬಹಳ ನಿಧಾನವಾಗಿದೆ, ಸ್ವಲ್ಪ ನೋಡಪ್ಪ’ ಎಂದು ಕೂರಿಸಿಕೊಳ್ಳದ ಮನೆಯುಂಟೆ?

ಈ ಮನುಷ್ಯನ ಕಸುಬು ಕೆಲವು ವರ್ಷಗಳಿಂದ ಅವನ ಕಾಲ ಕೆಳಗೇ ಸರಿಯುತ್ತಿದೆ. ಹಿಂದೆ ಅವನು ಬದುಕುತ್ತಿದ್ದ ಬಗೆ ಸರಳವಾದದ್ದು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ, ಅಂದರೆ ಎಲ್ಲರ ಬಾಯಲ್ಲಿ ಎಸ್.ಪಿ. ರೋಡು ಎನಿಸಿಕೊಂಡ ಆ ಇಕ್ಕಟ್ಟಿನ ಪೇಟೆಗೆ, ಬೆಳಗಿನ ಬಸ್ಸಿನಲ್ಲಿ ಹೋಗಿ ಬಿಡಿಭಾಗಗಳನ್ನು ಕೊಂಡು, ಸಂಜೆಯ ಬಸ್ಸಿನಲ್ಲಿ ತಂದು ಜೋಡಿಸಿದರೆ ಒಂದೊಂದು ಯಂತ್ರದ ಮೇಲೂ ನಾಲ್ಕು ಕಾಸು ಉಳಿಯುತ್ತಿತ್ತು. ಗಿರಾಕಿ ದೊಡ್ಡವನಾದರೆ ಕಛೇರಿಯ ಒಂದು ಮೂಲೆಯಲ್ಲಿ ಸರ್ವರ್ ಎಂಬ ದೊಡ್ಡ ಪೆಟ್ಟಿಗೆಯನ್ನು ಪ್ರತಿಷ್ಠಾಪಿಸಿ, ಅದಕ್ಕೊಂದು ಯು.ಪಿ.ಎಸ್., ಅದರ ತಲೆಯ ಮೇಲೊಂದು ಏರ್‌ಕಂಡಿಷನರ್ ಮಾಡಿಸುತ್ತಿದ್ದ. ಆ ಮೇಲೆ ವರ್ಷದ ನಿರ್ವಹಣೆಯ ಕರಾರು, ಎ.ಎಂ.ಸಿ. ಎಂಬ ಮೂರಕ್ಷರದಲ್ಲಿ ಅದು ಊರಿಗೆಲ್ಲ ಪರಿಚಿತ. ಬೆಂಗಳೂರಿನಲ್ಲಿ ನೆಲೆನಿಂತ ಸಂಸ್ಥೆ 1986ರಲ್ಲಿ ಆರಂಭಿಸಿದ ಟ್ಯಾಲಿ, ಲೆಕ್ಕಪತ್ರದ ತಂತ್ರಾಂಶವಾಗಿ ದೇಶದ ವರ್ತಕರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತ ಮೇಲೆ ಅದನ್ನು ಹಾಕಿಕೊಡುವುದು, ಕೆಟ್ಟರೆ ಸರಿಪಡಿಸುವುದು ಇನ್ನೊಂದು ಹೊಟ್ಟೆಪಾಡಾಯಿತು. ಒಟ್ಟಿನಲ್ಲಿ ಅವನ ಲಾಭವೆಲ್ಲ ಪೆಟ್ಟಿಗೆಯಲ್ಲಿತ್ತು. ಸೇವೆಯೆಂಬುದು ಪೆಟ್ಟಿಗೆಯ ಬೆನ್ನಿಗಂಟಿ ಬಂದ ಬಾಲ.

ಪೆಟ್ಟಿಗೆ ಮಾಯವಾದದ್ದು ಒಂದೇ ದಿನದಲ್ಲಲ್ಲ. ಅಮೆರಿಕದ ಅಮೆಜಾನ್ ಸಂಸ್ಥೆ 2006ರಲ್ಲಿ ತನ್ನ ಸಂಗ್ರಹಾಗಾರವನ್ನೂ ಗಣನಶಕ್ತಿಯನ್ನೂ ಬಾಡಿಗೆಗೆ ಕೊಡತೊಡಗಿತು. 2010ರಲ್ಲಿ ಮೈಕ್ರೋಸಾಫ್ಟ್ ತನ್ನ ಅಜೂರ್ ಎಂಬುದನ್ನು ತೆರೆಯಿತು; ಮರುವರ್ಷ ಆಫೀಸ್ 365 ಎಂಬ ಹೆಸರಿನಲ್ಲಿ ಅಂಚೆ, ಬರವಣಿಗೆ, ಕಡತ ಎಲ್ಲವನ್ನೂ ತಿಂಗಳ ಬಾಡಿಗೆಯ ವಸ್ತುಗಳನ್ನಾಗಿ ಮಾಡಿತು. ಅದೇ ಮೈಕ್ರೋಸಾಫ್ಟ್ ಸಣ್ಣ ಕಛೇರಿಗಳಿಗೆಂದೇ ಸ್ಮಾಲ್ ಬಿಸಿನೆಸ್ ಸರ್ವರ್ ಎಂಬ ಸರಕನ್ನು ಮಾರುತ್ತಿತ್ತು. ಅದನ್ನು ಸ್ಥಾಪಿಸಿ ಕಾಪಾಡುವುದರಿಂದಲೇ ಜಗತ್ತಿನಾದ್ಯಂತ ಸಾವಿರಾರು ಸಣ್ಣ ಸೇವಾದಾರರು ಅನ್ನ ತಿನ್ನುತ್ತಿದ್ದರು. 2012ರ ಜುಲೈಯಲ್ಲಿ, 2011ರ ಆವೃತ್ತಿಯೇ ಕೊನೆಯದು, ಇನ್ನು ಮುಂದೆ ಇಲ್ಲ ಎಂದು ಕಂಪೆನಿ ಸಾರಿಬಿಟ್ಟಿತು. 2016ರಲ್ಲಿ ಅಮೆಜಾನಿನ ಯಂತ್ರಾಗಾರಗಳು ಮುಂಬಯಿಗೂ ಬಂದವು. ‘ನಮ್ಮ ಲೆಕ್ಕಪತ್ರ ಪರದೇಶದಲ್ಲಿರುವುದು ಬೇಡ’ ಎನ್ನುತ್ತಿದ್ದ ಗಿರಾಕಿಗೆ ಆ ನೆಪವೂ ಉಳಿಯಲಿಲ್ಲ.

ಕ್ಲೌಡ್ ಎಂಬ ಮಾತನ್ನು ನಮ್ಮವರು ಮೋಡವೆಂದೇ ಕರೆದರೂ ತಪ್ಪೇನಿಲ್ಲ. ಕಾಳಿದಾಸನ ಯಕ್ಷನೂ ತನ್ನ ಸಂದೇಶವನ್ನು ಮೋಡದ ವಶಕ್ಕೇ ಕೊಟ್ಟವನು. ಆದರೆ ಅವನಿಗೆ ತಿಂಗಳ ಕೊನೆಗೆ ಬಿಲ್ಲು ಬರಲಿಲ್ಲ. ನಮ್ಮ ಕಾಲದ ಮೋಡವಾದರೋ ಆಕಾಶದಲ್ಲಿಲ್ಲ, ಭೂಮಿಯ ಮೇಲೆಯೇ ಇದೆ: ಎಲ್ಲಿಯೋ ಒಂದು ಕಡೆ ಬೇರೆಯವರು ಕಟ್ಟಿದ ಕಟ್ಟಡ, ಅದರೊಳಗೆ ಬೇರೆಯವರಿಗೆ ಸೇರಿದ ಯಂತ್ರ, ಅದರಲ್ಲಿ ನಾವು ಹಿಡಿದ ಬಾಡಿಗೆಯ ಕೋಣೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಇದಕ್ಕೆ ಹೋಲುವ ಸಂಗತಿಯೊಂದು ನಮ್ಮ ನಾಡಿನಲ್ಲಿಯೇ ನಡೆದಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಅದಕ್ಕೆ ಮೊದಲು ಗಣಿಗೆ ಬೇಕಾದ ಶಕ್ತಿಯನ್ನು ಗಣಿಯ ಬಾಯಲ್ಲಿಯೇ ಉಗಿಯಂತ್ರಗಳಿಂದ ಹುಟ್ಟಿಸಬೇಕಾಗಿತ್ತು. ಶಕ್ತಿ ದೂರದಿಂದ ತಂತಿಯ ಮೇಲೆ ಬಂದ ಬಳಿಕ ಉಗಿಯಂತ್ರದ ಕೆಲಸ ಕುಗ್ಗಿತೇನೋ ನಿಜ. ಆದರೆ ಊರೂರಿಗೆ ವೈರಿಂಗಿನವನು ಹುಟ್ಟಿದ. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರನೆಂಬ ಹೊಸ ಕಸುಬುದಾರ ಹುಟ್ಟಿದ. ಇಂದಿಗೂ ಅವನಿಗೆ ಕೆಲಸ ತಪ್ಪಿಲ್ಲ. ಅವನು ವಿದ್ಯುತ್ತನ್ನು ಮಾರುವುದಿಲ್ಲ. ಅದು ಮನೆಯೊಳಗೆ ಸುರಕ್ಷಿತವಾಗಿ ಹರಿಯುವಂತೆ ನೋಡಿಕೊಳ್ಳುತ್ತಾನೆ. ಕಂಪ್ಯೂಟರಿನವನಿಗೂ ಇದೇ ದಾರಿ ಎಂದು ಅನೇಕರು ಹೇಳುವುದುಂಟು. ನಾನೂ ಒಪ್ಪುತ್ತೇನೆ; ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ವಿದ್ಯುತ್ತಿಗೆ ನೆನಪಿಲ್ಲ. ಒಂದು ದಿನ ನಿಂತು ಮರುದಿನ ಬಂದರೆ ಅದು ಹಿಂದಿನ ವಿದ್ಯುತ್ತೇ. ನರ್ಸಿಂಗ್ ಹೋಮಿನ ಹತ್ತು ವರ್ಷದ ರೋಗಿಗಳ ದಾಖಲೆ ಒಮ್ಮೆ ಹೋದರೆ ಹೋಯಿತು. ಸಣ್ಣ ಸೇವಾದಾರನಿಗೆ ಅನ್ನ ಸಿಗುವುದಿದ್ದರೆ ಈ ವ್ಯತ್ಯಾಸದಲ್ಲಿಯೇ ಸಿಗಬೇಕು.

ಆದರೆ ಬಹುಪಾಲು ಜನ ಮೊದಲು ಹೊರಟದ್ದು ಬೇರೆ ದಾರಿಯಲ್ಲಿ. ಪೆಟ್ಟಿಗೆಯನ್ನು ಮಾರಿ ಅಭ್ಯಾಸವಾದವರು ಈಗ ಲೈಸೆನ್ಸನ್ನು ಮಾರಹೊರಟರು. ಇದರ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡುವುದು ಒಳ್ಳೆಯದು. ನಾನು ಹೇಳುವ ಅಂಕಿಗಳು ಲೆಕ್ಕದ ಅನುಕೂಲಕ್ಕೆ ಹಿಡಿದವು ಮಾತ್ರ. ಒಂದು ಕಛೇರಿಯಲ್ಲಿ 20 ಜನ. ತಲೆಗೆ ತಿಂಗಳಿಗೆ 500 ರೂಪಾಯಿನ ಲೈಸೆನ್ಸು. ನೂರಕ್ಕೆ 10ರಂತೆ ಕಮಿಷನ್. ತಿಂಗಳ ಬಿಲ್ಲು 10,000 ರೂಪಾಯಿ, ಮಾರಿದವನಿಗೆ ಉಳಿಯುವುದು 1,000. ಅಂಗಡಿಯಲ್ಲಿ ದುಡಿಯುವ ಒಬ್ಬ ಹುಡುಗನಿಗೆ 18,000 ರೂಪಾಯಿ ಸಂಬಳವೆಂದರೆ, ಆ ಒಬ್ಬನ ಸಂಬಳ ಹೊರಡಲು ಇಂಥ 18 ಕಛೇರಿಗಳು ಬೇಕು. ಆ 18 ಕಛೇರಿಗಳೂ ದಿನಕ್ಕೆರಡು ಸಲ ‘ಅಂಚೆ ಹೋಗುತ್ತಿಲ್ಲ’, ‘ಪಾಸ್‌ವರ್ಡು ಮರೆತಿದೆ’ ಎಂದು ಅದೇ ಹುಡುಗನನ್ನು ಕರೆಯುತ್ತವೆ. ಮಾಲೀಕನ ಪಾಲಿಗೆ ಉಳಿದದ್ದು ಪುಣ್ಯ ಮಾತ್ರ.

ಇಷ್ಟೇ ಆಗಿದ್ದರೆ ನಷ್ಟವಿಲ್ಲದ ಬಡತನ ಎನ್ನಬಹುದಾಗಿತ್ತು. 2022ರಲ್ಲಿ ಮೈಕ್ರೋಸಾಫ್ಟ್ ತನ್ನ ಮಾರಾಟದ ಕರಾರನ್ನು ಬದಲಿಸಿತು. ತಿಂಗಳ ಲೆಕ್ಕದಲ್ಲಿ ಕೊಂಡರೆ ವರ್ಷದ ಕರಾರಿಗಿಂತ ನೂರಕ್ಕೆ 20 ಹೆಚ್ಚು. ವರ್ಷದ ಕರಾರು ಮಾಡಿಕೊಂಡರೆ ಮೊದಲ ಕೆಲವು ದಿನಗಳು ಕಳೆದ ಮೇಲೆ ರದ್ದು ಮಾಡುವಂತಿಲ್ಲ. ಕಂಪೆನಿಗೆ ಹಣ ಕೊಡಬೇಕಾದವನು ನಡುವೆ ನಿಂತು ಮಾರಿದವನು, ಗಿರಾಕಿಯಲ್ಲ. ಮೇಲಣ ಲೆಕ್ಕವನ್ನೇ ಮುಂದುವರಿಸೋಣ. ಅಗ್ಗವೆಂದು ವರ್ಷದ ಕರಾರನ್ನು ಮಾಡಿಸಿದ. ನಾಲ್ಕು ತಿಂಗಳು ಕಳೆದ ಮೇಲೆ ಗಿರಾಕಿ ಕಛೇರಿಗೆ ಬೀಗ ಹಾಕಿದ. ಉಳಿದ ಎಂಟು ತಿಂಗಳ 80,000 ರೂಪಾಯಿ ನಮ್ಮವನ ತಲೆಗೆ ಬಂತು. ಇದನ್ನು ಅಂಥದೇ ಇನ್ನೊಂದು ಕಛೇರಿಯ ಕಮಿಷನ್ನಿನಿಂದ ತೀರಿಸಬೇಕಾದರೆ 80 ತಿಂಗಳು, ಅಂದರೆ ಆರು ವರ್ಷ ಎಂಟು ತಿಂಗಳು ಬೇಕು! ಸಾವಿರ ರೂಪಾಯಿಯ ಆಸೆಗೆ ಪರರ ಸಾಲಕ್ಕೆ ಜಾಮೀನು ನಿಂತಂತಾಯಿತು. ಗಿರಾಕಿಯಿಂದ ಮೊದಲೇ ವರ್ಷದ ಹಣ ಪಡೆಯುವುದು, ಇಲ್ಲವೇ ಹೆಚ್ಚು ಬೆಲೆಯಾದರೂ ತಿಂಗಳ ಕರಾರನ್ನೇ ಕೊಡುವುದು, ಅದೂ ಆಗದಿದ್ದರೆ ಗಿರಾಕಿಯೇ ನೇರವಾಗಿ ಕೊಳ್ಳಲಿ ಎಂದು ಕೈ ತೊಳೆದುಕೊಳ್ಳುವುದು: ಇವು ಮೂರೇ ಜಾಣತನದ ದಾರಿಗಳು.

ಹಾಗಾದರೆ ಮಾರತಕ್ಕದ್ದು ಏನು? ಕನ್ನಡದ ಮೇಷ್ಟ್ರಿಗೆ ಈ ಗೊಡವೆ ಏಕೆಂದು ವಾಚಕರು ಹುಬ್ಬೇರಿಸಿಯಾರು. ನನ್ನ ತರಗತಿಯಲ್ಲಿ ಐಚ್ಛಿಕ ಕನ್ನಡ ಓದಿದ ಹುಡುಗನೊಬ್ಬ ಈಗ ಮಲೆನಾಡಿನ ಒಂದು ಜಿಲ್ಲಾ ಕೇಂದ್ರದಲ್ಲಿ ಚಿಕ್ಕಪ್ಪನ ಇಂಥದೇ ಅಂಗಡಿಯನ್ನು ವಹಿಸಿಕೊಂಡು ನಡೆಸುತ್ತಿದ್ದಾನೆ. ಇಬ್ಬರು ಕೆಲಸದವರು, ಮನೆಯಲ್ಲಿ ತಾಯಿ, ಮದುವೆಗೆ ಬಂದ ತಂಗಿ. ಮೂರು ವರ್ಷದ ಹಿಂದೆ ಅಂಗಡಿ ಮುಚ್ಚಿ ಬೆಂಗಳೂರಿನ ಯಾವುದಾದರೊಂದು ಕಂಪೆನಿಗೆ ಸೇರಿಬಿಡುವ ಯೋಚನೆಯಲ್ಲಿದ್ದವನು, ಇತ್ತೀಚೆಗೆ ಸಿಕ್ಕಾಗ ಮುಖ ತುಸು ಗೆಲುವಾಗಿತ್ತು. ವಿಚಾರಿಸಿದೆ.

“ಸಾರ್, ಮೊದಲು ನಾನು ಕೆಟ್ಟುದನ್ನು ಸರಿಮಾಡಿ ದುಡ್ಡು ತೆಗೆದುಕೊಳ್ಳುತ್ತಿದ್ದೆ. ಕೆಡದಿದ್ದರೆ ನನಗೆ ಉಪವಾಸ. ಈಗ ಕೆಡದ ಹಾಗೆ ನೋಡಿಕೊಳ್ಳುವುದಕ್ಕೆ ತೆಗೆದುಕೊಳ್ಳುತ್ತೇನೆ,” ಎಂದ.

“ಕೆಡದ ವಸ್ತುವಿಗೆ ಯಾರಪ್ಪ ದುಡ್ಡು ಕೊಡುತ್ತಾರೆ?”

“ಅದೇ ಕಷ್ಟ ಸಾರ್. ನಮ್ಮ ಡಾಕ್ಟರೊಬ್ಬರು, ‘ಏನಯ್ಯ, ಸರ್ವರ್ ನಮ್ಮಲ್ಲಿಲ್ಲ, ಎಲ್ಲ ಮೋಡದಲ್ಲಿದೆ ಅಂತ ನೀನೇ ಹೇಳಿದೆ. ಇನ್ನು ನಿನಗೇಕೆ ತಿಂಗಳು ತಿಂಗಳು?’ ಎಂದು ಕೇಳಿದರು. ‘ರೋಗ ಬಂದ ಮೇಲೆ ಬರುವವರಿಗೂ, ಬಾರದ ಹಾಗೆ ಲಸಿಕೆ ಹಾಕಿಸಿಕೊಳ್ಳಲು ಬರುವವರಿಗೂ ತಾವು ಫೀಜು ತೆಗೆದುಕೊಳ್ಳುವುದಿಲ್ಲವೆ ಸಾರ್?’ ಎಂದೆ. ನಕ್ಕುಬಿಟ್ಟು ಒಪ್ಪಿದರು. ಎಲ್ಲರೂ ಹಾಗೆ ಒಪ್ಪಲಿಲ್ಲ. ಒಪ್ಪದ ಆರು ಜನರನ್ನು ಬಿಟ್ಟೆ.”

ಈ ಬಿಟ್ಟೆ ಎಂಬ ಮಾತಿನ ಹಿಂದೆ ಎಷ್ಟು ರಾತ್ರಿಯ ನಿದ್ದೆ ಕೆಟ್ಟಿದೆಯೆಂಬುದನ್ನು ಅವನು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಅವನು ಇಂದು ಮಾರುತ್ತಿರುವುದರಲ್ಲಿ ಮೊದಲನೆಯದು ಪ್ರತಿಯ ರಕ್ಷಣೆ, ಎಂದರೆ ಬ್ಯಾಕಪ್. ಮೋಡಕ್ಕೆ ಹೋದ ಮೇಲೆ ಬ್ಯಾಕಪ್ಪು ಬೇಡವೆಂಬ ನಂಬಿಕೆ ಬಹಳ ಜನರಲ್ಲಿದೆ. ಅದಕ್ಕಿಂತ ಅಪಾಯದ ನಂಬಿಕೆ ಇನ್ನೊಂದಿಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓ.ವಿ.ಎಚ್. ಎಂಬ ದೊಡ್ಡ ಸಂಸ್ಥೆಯ ಯಂತ್ರಾಗಾರವೊಂದು ಬೆಂಕಿಗೆ ಆಹುತಿಯಾಯಿತು. ಬೇರೆ ಊರಿನಲ್ಲಿ ಪ್ರತಿ ಇಡದಿದ್ದವರಲ್ಲಿ ಅನೇಕರು ಸರ್ವಸ್ವವನ್ನೂ ಕಳೆದುಕೊಂಡರು. ಇದಕ್ಕಿಂತ ಸ್ವಾರಸ್ಯವಾದದ್ದು ಆಸ್ಟ್ರೇಲಿಯದ ಯೂನಿಸೂಪರ್ ಎಂಬ ನಿವೃತ್ತಿನಿಧಿಯ ಕಥೆ. ಐದು ಲಕ್ಷಕ್ಕೂ ಹೆಚ್ಚು ಸದಸ್ಯರ ನಿಧಿ ಅದು. 2024ರ ಮೇ ತಿಂಗಳಲ್ಲಿ ಗೂಗಲಿನ ಮೋಡದಲ್ಲಿದ್ದ ಅದರ ವ್ಯವಸ್ಥೆ ಎರಡು ಕಡೆಗಳಲ್ಲಿಯೂ ಒಮ್ಮೆಗೇ ಅಳಿಸಿಹೋಯಿತು. ಕಾರಣವೇನು? ಸುಮಾರು ವರ್ಷದ ಹಿಂದೆ ಅದನ್ನು ಸಿದ್ಧಪಡಿಸುವಾಗ ಗೂಗಲಿನವರು ಒಂದು ಖಾನೆಯನ್ನು ತುಂಬದೆ ಖಾಲಿ ಬಿಟ್ಟಿದ್ದರು. ಯಂತ್ರ ತಾನಾಗಿಯೇ ಒಂದು ವರ್ಷದ ಅವಧಿಯೆಂದು ತಿಳಿದು, ಅವಧಿ ಮುಗಿದೊಡನೆ ಗುಡಿಸಿ ಹಾಕಿತು. ನಿಧಿಯವರು ಮುನ್ನೆಚ್ಚರಿಕೆಯಿಂದ ಮತ್ತೊಂದು ಸಂಸ್ಥೆಯಲ್ಲಿ ಇನ್ನೊಂದು ಪ್ರತಿಯನ್ನು ಇಟ್ಟಿದ್ದುದು ಮರಳಿ ಚೇತರಿಸಿಕೊಳ್ಳಲು ನೆರವಾಯಿತು. ಗೂಗಲಿನಂಥ ಮಹಾಸಂಸ್ಥೆಯ ಮನೆಯಲ್ಲಿಯೇ ಇಂಥದು ನಡೆಯುವುದಾದರೆ ನಮ್ಮೂರ ಸಹಕಾರ ಸಂಘದ ಪಾಡೇನು?

ಸಣ್ಣ ಕಛೇರಿಗಳಲ್ಲಿ ದಿನನಿತ್ಯ ನಡೆಯುವುದು ಇಷ್ಟು ಭಯಂಕರವಾದದ್ದಲ್ಲ, ಆದರೆ ಫಲ ಒಂದೇ. ಗುಮಾಸ್ತನೊಬ್ಬ ಕೆಲಸ ಬಿಟ್ಟ. ಲೈಸೆನ್ಸಿನ ಹಣ ಉಳಿಯಲೆಂದು ಅವನ ಖಾತೆಯನ್ನು ಅಳಿಸಿದರು. ಮೈಕ್ರೋಸಾಫ್ಟಿನಲ್ಲಿ ಹಾಗೆ ಅಳಿಸಿದ ಖಾತೆ 30 ದಿನ ಮಾತ್ರ ಮರಳಿ ಪಡೆಯುವಂತಿರುತ್ತದೆ. ಎರಡು ತಿಂಗಳ ಮೇಲೆ ತೆರಿಗೆಯ ಇಲಾಖೆಯಿಂದ ಪತ್ರ ಬಂದಾಗ ಆ ಗುಮಾಸ್ತನ ಅಂಚೆಯೆಲ್ಲ ಬೇಕಾಗುತ್ತದೆ, ಎಲ್ಲಿಂದ ತರುವುದು? ನಮ್ಮ ಹುಡುಗ ಮಾಡುವುದು ಇಷ್ಟೆ: ಗಿರಾಕಿಯ ಅಂಚೆಯನ್ನೂ ಕಡತಗಳನ್ನೂ ಪ್ರತಿದಿನ ಬೇರೊಂದು ಸಂಸ್ಥೆಯ ಮೋಡಕ್ಕೆ ನಕಲು ಮಾಡಿಸುತ್ತಾನೆ, ಮೂರು ತಿಂಗಳಿಗೊಮ್ಮೆ ಗಿರಾಕಿಯ ಎದುರಿಗೇ ಕುಳಿತು, ಹಳೆಯದೊಂದು ಕಡತವನ್ನು ಮರಳಿ ತೆಗೆದು ತೋರಿಸಿ, ತೆರೆಯಿತೆಂದು ಪುಸ್ತಕದಲ್ಲಿ ರುಜು ಹಾಕಿಸಿಕೊಳ್ಳುತ್ತಾನೆ. ಈ ರುಜುವಿನ ಪದ್ಧತಿ ನನಗೆ ಬಹಳ ಹಿಡಿಸಿತು. ಕಾಣದ ಕೆಲಸಕ್ಕೆ ಕಾಣುವ ಸಾಕ್ಷಿ ಅದು. ತಿಂಗಳ ಬಿಲ್ಲನ್ನು ಕೊಡುವಾಗ ಡಾಕ್ಟರ ಕೈ ಹಿಂಜರಿಯದಿರುವುದಕ್ಕೆ ಅರ್ಧ ಕಾರಣ ಆ ಪುಸ್ತಕವೇ ಇರಬೇಕು.

ಎರಡನೆಯದು ಬೀಗದ ಕೈಗಳ ಕಾವಲು. ಹಿಂದೆ ಕಳ್ಳ ಬರಬೇಕಾದರೆ ಕಛೇರಿಯ ಬಾಗಿಲು ಒಡೆಯಬೇಕಾಗಿತ್ತು. ಈಗ ಒಂದು ಪಾಸ್‌ವರ್ಡು ಸಾಕು. 2014ರ ಜೂನಿನಲ್ಲಿ ಕೋಡ್ ಸ್ಪೇಸಸ್ ಎಂಬ ಒಂದು ಸಂಸ್ಥೆಯ ಅಮೆಜಾನ್ ಖಾತೆಯ ಒಡೆತನ ದುಷ್ಟರ ಕೈಗೆ ಸಿಕ್ಕಿ, ಅವರು ಕೇಳಿದ ಹಣ ಸಿಗದೆ ಹೋದುದರಿಂದ, ಮೂಲವನ್ನೂ ಬ್ಯಾಕಪ್ಪನ್ನೂ ಬಹುಮಟ್ಟಿಗೆ ಅಳಿಸಿಹಾಕಿದರು. ಎರಡೂ ಒಂದೇ ಬೀಗದ ಕೈಗೆ ತೆರೆಯುತ್ತಿದ್ದವು. ಸಂಸ್ಥೆ ಬಾಗಿಲು ಮುಚ್ಚಿತು. ಪಾಸ್‌ವರ್ಡಿನ ಜೊತೆಗೆ ಫೋನಿಗೆ ಬರುವ ಎರಡನೆಯ ಗುರುತನ್ನೂ ಕೇಳುವ ಏರ್ಪಾಡು ಇದ್ದರೆ ಖಾತೆಯ ಮೇಲಣ ದಾಳಿಗಳಲ್ಲಿ ನೂರಕ್ಕೆ 99.9ರಷ್ಟನ್ನು ತಡೆಯಬಹುದೆಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತ್ತು. ಇದನ್ನು ಮಾಡಿಸುವುದಕ್ಕೆ ದೊಡ್ಡ ವಿದ್ಯೆ ಬೇಡ, ತಾಳ್ಮೆ ಬೇಕು. ‘ಪ್ರತಿಸಲವೂ ಅಂಕಿ ಒತ್ತಬೇಕೆ?’ ಎಂದು ಗೊಣಗುವ ಹಿರಿಯ ವಕೀಲರ ಪಕ್ಕದಲ್ಲಿ ಅರ್ಧ ಗಂಟೆ ನಿಂತು ಕಲಿಸುವ ತಾಳ್ಮೆ. ಅಮೆರಿಕದ ಮಹಾಕಂಪೆನಿ ಅದಕ್ಕಾಗಿ ನಮ್ಮೂರಿಗೆ ಯಾರನ್ನೂ ಕಳುಹಿಸುವುದಿಲ್ಲ.

ಮೂರನೆಯದು ಬಿಲ್ಲಿನ ಕಾವಲು. ಬಾಡಿಗೆಯ ಯಂತ್ರವನ್ನು ಹಿಡಿಯುವುದು ಎರಡು ನಿಮಿಷದ ಕೆಲಸ. ಬಿಡಬೇಕೆಂಬುದು ಯಾರಿಗೂ ನೆನಪಿರುವುದಿಲ್ಲ. ಪರೀಕ್ಷೆಗೆಂದು ತೆರೆದ ಯಂತ್ರ ಆರು ತಿಂಗಳು ಓಡುತ್ತಿರುತ್ತದೆ. ಹಗಲು ಮಾತ್ರ ಬೇಕಾದದ್ದು ರಾತ್ರಿಯೂ ಉರಿಯುತ್ತದೆ. ಆಳಿಲ್ಲದ ಕೋಣೆಯಲ್ಲಿ ಫ್ಯಾನು ತಿರುಗುವುದನ್ನು ಕಂಡರೆ ಸಿಡುಕುವ ಯಜಮಾನರು ಇದನ್ನು ಕಾಣದೆ ತೆತ್ತುಕೊಂಡಿರುತ್ತಾರೆ. ನಮ್ಮವನು ತಿಂಗಳಿಗೊಮ್ಮೆ ಈ ಬಿಲ್ಲನ್ನು ಓದಿ, ಬೇಡದ್ದನ್ನು ಆರಿಸಿ, ಎಷ್ಟು ಉಳಿಯಿತೆಂದು ಒಂದು ಹಾಳೆಯಲ್ಲಿ ಬರೆದುಕೊಡುತ್ತಾನೆ. ಕಮಿಷನ್ನಿನ ಮೇಲೆ ಬದುಕುವವನು ಈ ಕೆಲಸವನ್ನು ಮನಸ್ಸಿಟ್ಟು ಮಾಡಲಾರ, ಏಕೆಂದರೆ ಗಿರಾಕಿಯ ಬಿಲ್ಲು ಇಳಿದರೆ ಅವನ ವರಮಾನವೂ ಇಳಿಯುತ್ತದೆ. ಇದು ನನಗೆ ಈ ಇಡೀ ವಿಷಯದ ಮರ್ಮವೆಂದು ತೋರುತ್ತದೆ.

ಇದೇ ಕಾರಣದಿಂದ, ಎಲ್ಲವೂ ಮೋಡಕ್ಕೇ ಹೋಗಬೇಕೆಂದು ಹಟ ಹಿಡಿಯದಿರುವುದೂ ಅವನ ವಿದ್ಯೆಯ ಒಂದು ಭಾಗ. ಅಮೆರಿಕದ 37ಸಿಗ್ನಲ್ಸ್ ಎಂಬ ಸಂಸ್ಥೆ 2022ರಲ್ಲಿ ಮೋಡಕ್ಕೆ 32 ಲಕ್ಷ ಡಾಲರ್ ತೆತ್ತು ಬೇಸತ್ತು, ಸುಮಾರು 7 ಲಕ್ಷ ಡಾಲರಿಗೆ ತನ್ನದೇ ಯಂತ್ರಗಳನ್ನು ಕೊಂಡು 2023ರಲ್ಲಿ ತನ್ನ ಮುಖ್ಯ ಕೆಲಸಗಳನ್ನೆಲ್ಲ ಅವುಗಳಿಗೆ ವರ್ಗಾಯಿಸಿತು. ಹಾಗೆಂದು ಸ್ವಂತ ಯಂತ್ರದಲ್ಲಿದ್ದರೆ ಪರಾಧೀನತೆ ತಪ್ಪಿತೆಂದೂ ಅಲ್ಲ. ವಿ.ಎಂ.ವೇರ್ ಎಂಬ ಹೆಸರಾಂತ ತಂತ್ರಾಂಶ ಸಂಸ್ಥೆಯನ್ನು 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕೊಂಡುಕೊಂಡಿತು. ಮರುತಿಂಗಳೇ ಶಾಶ್ವತ ಲೈಸೆನ್ಸಿನ ಮಾರಾಟವನ್ನು ನಿಲ್ಲಿಸಿ ಎಲ್ಲರನ್ನೂ ಬಾಡಿಗೆದಾರರನ್ನಾಗಿ ಮಾಡಿತು. ಇಪ್ಪತ್ತು ಜನರ ಕಛೇರಿಗೆ ಅಂಚೆ ಮೋಡದಲ್ಲಿರುವುದೇ ಲೇಸು. ದಿನವಿಡೀ ದೊಡ್ಡ ದೊಡ್ಡ ಚಿತ್ರಗಳನ್ನು ತಿದ್ದುವ ಫೋಟೋ ಸ್ಟುಡಿಯೋಗೆ, ಇಂಟರ್‌ನೆಟ್ಟು ಗಳಿಗೆಗೊಮ್ಮೆ ಕೈಕೊಡುವ ಘಟ್ಟದ ಊರಿನ ರೈಸ್ ಮಿಲ್ಲಿಗೆ ಮನೆಯ ಯಂತ್ರವೇ ಸರಿ. ಇದನ್ನು ಹೇಳಬಲ್ಲವನು ಗಿರಾಕಿಯ ಕಛೇರಿಯನ್ನು ಕಣ್ಣಾರೆ ಕಂಡವನೇ ಆಗಬೇಕು.

ಇನ್ನು ದರದ ಮಾತು. ನಮ್ಮ ಹುಡುಗ ತಲೆಗೆ ತಿಂಗಳಿಗೆ ಇಷ್ಟೆಂದು ಗೊತ್ತುಮಾಡಿದ್ದಾನೆ. ಮತ್ತೆ ಲೆಕ್ಕಕ್ಕಾಗಿ 400 ರೂಪಾಯಿ ಎನ್ನೋಣ. 20 ಜನರ ಕಛೇರಿಯಿಂದ 8,000. ಕೆಲಸದ ಹುಡುಗನ ಸಂಬಳ, ಓಡಾಟ, ಅಂಗಡಿಯ ಬಾಡಿಗೆಯಲ್ಲಿ ಅವನ ಪಾಲು ಎಲ್ಲ ಸೇರಿ ತಿಂಗಳಿಗೆ 27,000 ಬೀಳುತ್ತದೆಂದೂ, ದಾರಿ ನಡೆದದ್ದು, ಕಾದದ್ದು ಬಿಟ್ಟರೆ ಅವನಿಂದ ನಿಜವಾಗಿ ಸಿಗುವುದು 130 ಗಂಟೆಯ ಕೆಲಸವೆಂದೂ ಹಿಡಿದರೆ, ಗಂಟೆಯೊಂದಕ್ಕೆ ಸುಮಾರು 208 ರೂಪಾಯಿ ಅಸಲು. ಐದು ಕಛೇರಿಗಳನ್ನು ಅವನೊಬ್ಬ ನೋಡಿಕೊಂಡರೆ 40,000 ಬಂದು 13,000 ಉಳಿಯುತ್ತದೆ. ಆದರೆ ಐದರಲ್ಲೊಂದು ಕಛೇರಿ ತಿಂಗಳಿಗೆ 45 ಗಂಟೆ ತಿಂದರೆ ಅದರ ಅಸಲೇ 9,000 ದಾಟಿತು. 8,000 ಕೊಡುವ ಆ ಗಿರಾಕಿಗೆ ನಾವೇ ಕೈಯಿಂದ ಹಾಕಿ ಸೇವೆ ಮಾಡಿದಂತಾಯಿತು. ಹೆಚ್ಚು ಸದ್ದು ಮಾಡುವ ಗಿರಾಕಿಯೇ ದೊಡ್ಡ ಗಿರಾಕಿಯೆಂಬ ಭ್ರಮೆ ಅಂಗಡಿಯವನಿಗಿರುತ್ತದೆ. ಗಂಟೆಯ ಲೆಕ್ಕ ಬರೆದಿಟ್ಟರೆ ಅದು ಹರಿಯುತ್ತದೆ. ಹಬ್ಬದ ದಿನ ಊಟದ ಮೇಲೆ ಲ್ಯಾಪ್‌ಟಾಪು ತೋರಿಸುವ ನಮ್ಮಂಥ ಬಂಧುಗಳೂ ಆ ಗಂಟೆಗಳಲ್ಲಿ ಸೇರಿದ್ದೇವೆ ಎಂಬುದನ್ನು ಇಲ್ಲಿ ಮೆಲ್ಲಗೆ ಹೇಳಿಬಿಡುತ್ತೇನೆ.

ಗಂಟೆಗಳನ್ನು ಉಳಿಸುವ ಉಪಾಯ ಒಂದೇ ಬಗೆಯ ಗಿರಾಕಿಗಳನ್ನು ಹಿಡಿಯುವುದು. ನರ್ಸಿಂಗ್ ಹೋಮುಗಳನ್ನೇ ನೋಡಿಕೊಳ್ಳುವವನು ಒಂದು ಕಡೆ ಕಲಿತದ್ದನ್ನು ಇನ್ನು ಒಂಬತ್ತು ಕಡೆ ಮಾಡುತ್ತಾನೆ. ಆಸ್ಪತ್ರೆಯ ಬಿಲ್ಲಿನ ತಂತ್ರಾಂಶ ಎಲ್ಲಿ ಮುಗ್ಗರಿಸುತ್ತದೆ, ಪ್ರಯೋಗಾಲಯದ ವರದಿ ಎಲ್ಲಿ ನಿಲ್ಲುತ್ತದೆ ಎಂಬುದು ಅವನಿಗೆ ಬಾಯಿಪಾಠ. ಆಡಿಟರುಗಳ ಕಛೇರಿಯನ್ನು ನೋಡಿಕೊಳ್ಳುವವನಿಗೆ ಜಿ.ಎಸ್.ಟಿ.ಯ ಗಡುವಿನ ದಿನ ಅಂಗಡಿ ಬಿಟ್ಟು ಕದಲಬಾರದೆಂದು ಗೊತ್ತು. ಸಿಕ್ಕಿದ ಕೆಲಸವನ್ನೆಲ್ಲ ಹಿಡಿಯುವವನಿಗೆ ಪ್ರತಿದಿನವೂ ಹೊಸ ಪರೀಕ್ಷೆ.

ಒಂದು ಭಯದ ಮಾತನ್ನೂ ಹೇಳಬೇಕು. ಹತ್ತು ಕಛೇರಿಗಳ ಬೀಗದ ಕೈ ಒಬ್ಬನ ಜೇಬಿನಲ್ಲಿದ್ದರೆ ಕಳ್ಳನ ಕಣ್ಣು ಹತ್ತು ಕಛೇರಿಗಳನ್ನು ಬಿಟ್ಟು ಆ ಜೇಬಿನ ಮೇಲೆ ಬೀಳುತ್ತದೆ. 2021ರ ಜುಲೈ 2ರಂದು ಕಸೇಯ ಎಂಬ ತಂತ್ರಾಂಶದ ಬಿರುಕಿನೊಳಗಿಂದ ದುಷ್ಟರು ನುಗ್ಗಿದರು. ಸಣ್ಣ ಸೇವಾದಾರರು ತಮ್ಮ ಗಿರಾಕಿಗಳ ಯಂತ್ರಗಳನ್ನು ದೂರದಿಂದ ನೋಡಿಕೊಳ್ಳಲು ಬಳಸುವ ತಂತ್ರಾಂಶ ಅದು. ನೇರವಾಗಿ ಪೆಟ್ಟು ತಿಂದ ಸೇವಾದಾರರು ಸುಮಾರು 60. ಅವರ ಮೂಲಕ ಕೆಟ್ಟವರು 1,500ರಷ್ಟು. ಸ್ವೀಡನ್ನಿನಲ್ಲಿ ಕೂಪ್ ಎಂಬ ಸಹಕಾರಿ ದಿನಸಿ ಮಳಿಗೆಗಳ ಹಣದ ಯಂತ್ರಗಳು ನಿಂತುಹೋಗಿ 800ರಷ್ಟು ಅಂಗಡಿಗಳು ಬಾಗಿಲು ಹಾಕಬೇಕಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬುದು ಈ ಕಸುಬಿಗೆ ಹೇಳಿ ಮಾಡಿಸಿದ ಗಾದೆ. ನಮ್ಮ ದೇಶದಲ್ಲಿಯೂ ಕಾಯಿದೆ ಬಿಗಿಯಾಗುತ್ತಿದೆ. ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ಆಜ್ಞೆಯಂತೆ ಇಂಥ ಘಟನೆಯನ್ನು ತಿಳಿದ 6 ಗಂಟೆಗಳೊಳಗೆ ವರದಿ ಮಾಡಬೇಕು, ಯಂತ್ರದ ದಿನಚರಿಯನ್ನು 180 ದಿನ ಕಾಪಾಡಬೇಕು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯಲ್ಲಿ, ಜನರ ವಿವರಗಳಿಗೆ ತಕ್ಕ ಭದ್ರತೆಯನ್ನು ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸುವ ಅವಕಾಶವಿದೆ. ಹೊಣೆ ಕಛೇರಿಯ ಯಜಮಾನನದೇ. ಆದರೆ ಅವನು ತಿರುಗಿ ನೋಡುವುದು ಕಂಪ್ಯೂಟರಿನವನ ಮುಖವನ್ನು. ಆದುದರಿಂದ ಯಾವುದು ತನ್ನ ಹೊಣೆ, ಯಾವುದು ಅಲ್ಲ ಎಂಬುದನ್ನು ಎರಡು ಪುಟದ ಕರಾರಿನಲ್ಲಿ ಬರೆದು ರುಜು ಹಾಕಿಸಿಕೊಳ್ಳದೆ ಒಂದು ದಿನವೂ ಕೆಲಸ ಮಾಡಬಾರದು. ಬಾಯಿಮಾತಿನ ವ್ಯವಹಾರ ಎ.ಎಂ.ಸಿ. ಕಾಲಕ್ಕೆ ಸರಿಹೋಗುತ್ತಿತ್ತು.

ಕೊನೆಗೆ ವಸೂಲಿ. ಲಾಭ ಪುಸ್ತಕದಲ್ಲಿದ್ದು ಹಣ ಪೇಟೆಯಲ್ಲಿದ್ದರೆ ಅಂಗಡಿ ಮುಚ್ಚುವುದಕ್ಕೆ ಬೇರೆ ಶತ್ರು ಬೇಡ. ಸೇವೆಯ ಬಿಲ್ಲಿನ ಮೇಲೆ ನೂರಕ್ಕೆ 18 ಜಿ.ಎಸ್.ಟಿ.; ಗಿರಾಕಿ ಕೊಡಲಿ ಬಿಡಲಿ, ಬಿಲ್ಲು ಬರೆದ ಮೇಲೆ ಸರಕಾರಕ್ಕೆ ಅದನ್ನು ಕಟ್ಟಲೇಬೇಕು. ನಮ್ಮ ಹುಡುಗ ಈಗ ತಿಂಗಳ ಮೊದಲನೆಯ ತಾರೀಖಿಗೆ ಮುಂಗಡವಾಗಿಯೇ ಬಿಲ್ಲು ಕಳುಹಿಸುತ್ತಾನೆ. ಮುಂಗಡ ಕೊಡಲೊಪ್ಪದ ದೊಡ್ಡ ಗಿರಾಕಿಗಳ ವಿಷಯದಲ್ಲಿ ಅವನಿಗೊಂದು ಆಸರೆಯುಂಟು. ಸಣ್ಣ ಉದ್ಯಮಗಳ 2006ರ ಕಾಯಿದೆಯ ಪ್ರಕಾರ ಅವುಗಳ ಬಾಕಿಯನ್ನು ಹೆಚ್ಚೆಂದರೆ 45 ದಿನಗಳಲ್ಲಿ ತೀರಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ. ಈ ಕಾಯಿದೆಯನ್ನು ಯಾರೂ ಅಷ್ಟಾಗಿ ಲೆಕ್ಕಿಸುತ್ತಿರಲಿಲ್ಲ. 2023ರ ಹಣಕಾಸು ಕಾಯಿದೆ ಇದಕ್ಕೆ ಹಲ್ಲು ಕೊಟ್ಟಿತು: ಅವಧಿ ಮೀರಿ ವರ್ಷಾಂತ್ಯಕ್ಕೆ ಉಳಿಸಿಕೊಂಡ ಇಂಥ ಬಾಕಿಯನ್ನು ಕೊಳ್ಳುವವನು ಆ ವರ್ಷದ ಖರ್ಚೆಂದು ತನ್ನ ಆದಾಯ ತೆರಿಗೆಯ ಲೆಕ್ಕದಲ್ಲಿ ತೋರಿಸುವಂತಿಲ್ಲ. ಅಂದಿನಿಂದ ಮಾರ್ಚ್ ತಿಂಗಳಲ್ಲಿ ಆಡಿಟರುಗಳೇ ಗಿರಾಕಿಗೆ ಫೋನು ಮಾಡಿ, ‘ಆ ಕಂಪ್ಯೂಟರಿನವರ ಬಾಕಿ ಮೊದಲು ಕೊಟ್ಟುಬಿಡಿ’ ಎನ್ನತೊಡಗಿದ್ದಾರಂತೆ! ಆದರೆ ಈ ಆಸರೆ ದೊರೆಯುವುದು ಸೇವೆಯನ್ನು ಮಾಡುವವರಿಗೆ, ಸರಕನ್ನು ತಯಾರಿಸುವವರಿಗೆ; ಬರಿಯ ಕೊಂಡು ಮಾರುವ ವರ್ತಕರಿಗೆ ಇಲ್ಲ. ಪೆಟ್ಟಿಗೆಯ ವ್ಯಾಪಾರವನ್ನು ಬಿಟ್ಟು ಸೇವೆಯ ಕಡೆಗೆ ತಿರುಗುವುದಕ್ಕೆ ಇದೂ ಒಂದು ಕಾರಣ. ಅದಕ್ಕೆ ಉದ್ಯಮ್ ಎಂಬ ಸರಕಾರದ ದಫ್ತರದಲ್ಲಿ ಹೆಸರು ನೋಂದಾಯಿಸಿರಬೇಕು. ನೋಂದಣಿಗೆ ಶುಲ್ಕವಿಲ್ಲ, ಮಾಡಿಸಿಕೊಡುತ್ತೇವೆಂದು ಐದುನೂರು ಸಾವಿರ ಕೇಳುವವರು ಪೇಟೆಯಲ್ಲಿ ಸಿಕ್ಕಾರು, ಅವರಿಗೆ ಏನೂ ಕೊಡಬೇಕಾಗಿಲ್ಲ.